ಕರೆಯುವ ಮೊದಲೇ ಓ

ಆ ವರ್ಷ ನನಗೊಂದು ಸಣ್ಣ ಚಿಂತೆ ಹತ್ತಿಕೊಂಡಿತ್ತು. ಯಾರ ಮುಂದೆಯೂ ಆಡುವಂಥದ್ದಲ್ಲ. ನಮ್ಮೂರಿನ ತಡ ನನಗೆ ಇಷ್ಟವಾಗತೊಡಗಿತ್ತು. ಊರವರೆಲ್ಲ ಬೈಯುವ ತಡ, ಸಂಬಳ ತೆಗೆದುಕೊಂಡು ನಾನೇ ಅಳೆಯಬೇಕಾದ ತಡ. ಹೇಳಬೇಕಾದ್ದನ್ನು ಹೇಳಿ ತಿರುಗಿಬಿಟ್ಟರೆ ಸಾಕು, ಅದು ಕೇಳುವವರ ಕಿವಿ ಮುಟ್ಟುವಷ್ಟರಲ್ಲಿ ನಾನು ಓಣಿಯ ತಿರುವು ದಾಟಿರುತ್ತಿದ್ದೆ. ಅವರ ಹುಬ್ಬು ಗಂಟಾಯಿತೋ, ತುಟಿ ಕೊಂಕಿತೋ, ನೋಡುವ ಕಷ್ಟ ನನಗಿರಲಿಲ್ಲ. ರೋಗ ಕಂಡುಹಿಡಿಯಬೇಕಾದ ವೈದ್ಯನಿಗೆ ರೋಗದ ಮೇಲೆಯೇ ಪ್ರೀತಿ ಹುಟ್ಟಿದ ಹಾಗೆ ಇದು. ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಿತ್ತು.

ನಮ್ಮೂರಲ್ಲಿ ಮಾತು ನಿಧಾನ. ನಾಯಿ ಬೊಗಳಿದರೆ ಆಗಲೇ ಕೇಳುತ್ತದೆ, ಕೊಡ ಬಿದ್ದರೆ ಆಗಲೇ ಕೇಳುತ್ತದೆ, ಹಲಗೆ ಬಡಿದರೂ ಅಷ್ಟೇ. ಮನುಷ್ಯರ ಮಾತು ಮಾತ್ರ ನಡೆದುಕೊಂಡು ಬರುತ್ತದೆ. ಎದುರಿಗೆ ಕೂತವರದು ಒಂದು ಗುಟುಕು ಚಹಾ ಗಂಟಲಿಗೆ ಇಳಿಯುವಷ್ಟರಲ್ಲಿ ಮುಟ್ಟುತ್ತದೆ. ಓಣಿಯ ಆ ತುದಿಯಿಂದ ಕೂಗಿದ್ದು ಬರುವಷ್ಟರಲ್ಲಿ ವೀಳ್ಯದೆಲೆಯ ತೊಟ್ಟು ಮುರಿದು ಸುಣ್ಣ ಹಚ್ಚಬಹುದು. ಪೇಟೆಯಿಂದ ಊರಾಚೆಯ ಕಲ್ಲುಖಣಿಗೆ ಮಾತು ಹೋಗಬೇಕೆಂದರೆ ಆ ಎಲೆಯನ್ನು ಅಗಿದು, ಉಗಿದು, ಬಾಯಿ ಮುಕ್ಕಳಿಸಿ ಇನ್ನೊಂದನ್ನು ಬಾಯಿಗಿಡುವಷ್ಟು ಹೊತ್ತು ಬೇಕು. ಹೀಗಾಗಿ ನಮ್ಮಲ್ಲಿ ತಡದ ಅಳತೆಗೆ ಎಲೆ ಎಂದೇ ಹೆಸರು. ಒಂದೆಲೆ, ಅರೆಯೆಲೆ. ನಗರಸಭೆಯ ಠರಾವುಗಳಲ್ಲೂ ಹಾಗೆಯೇ ಬರೆಯುತ್ತಾರೆ.

ಜನ ಇದಕ್ಕೆ ಒಗ್ಗಿಹೋಗಿದ್ದರು. ಬದನೆಕಾಯಿ ಮಾರುವವಳು ಮನೆಯಲ್ಲಿ ಬುಟ್ಟಿ ತುಂಬುವಾಗಲೇ ಒಮ್ಮೆ ಕೂಗಿಬಿಡುತ್ತಾಳೆ. ಅವಳೂ ಅವಳ ಕೂಗೂ ನಮ್ಮ ಓಣಿಗೆ ಒಟ್ಟಿಗೆ ಬಂದು ಇಳಿಯುತ್ತವೆ. ಜಗಳಗಂಟಿಯರು ಬೈದು ಒಳಗೆ ಹೋಗಿ, ರೊಟ್ಟಿ ಬಡಿದು, ಮರುಬೈಗುಳ ತೆಗೆದುಕೊಳ್ಳಲು ಹೊರಗೆ ಬರುತ್ತಾರೆ. ಸಾಲೆಯಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಲೆಕ್ಕದ ಮಾಸ್ತರರು ಕೇಳಿದ್ದಕ್ಕೆ ಹಿಂದಿನ ಬೆಂಚಿನಿಂದ ಬಂದ ಉತ್ತರ ಇತಿಹಾಸದ ಅಕ್ಕೋರಿಗೆ ಸಿಗುತ್ತದೆ, ಅವರು ಆ ಹುಡುಗನ ಕಿವಿ ಹಿಂಡುತ್ತಾರೆ. ಇಷ್ಟೆಲ್ಲದರ ನಡುವೆ ಊರು ಒಂದು ಮರ್ಯಾದೆಯನ್ನು ಮಾತ್ರ ಬಿಟ್ಟಿರಲಿಲ್ಲ. ಯಾರು ಕರೆದರೂ ಓ ಅನ್ನಬೇಕು. ಕರೆದವನಿಗೆ ತನ್ನ ಕರೆ ದಾರಿಯಲ್ಲಿ ಬಿದ್ದುಹೋಯಿತೋ, ಮುಟ್ಟಿತೋ ಗೊತ್ತಾಗುವುದು ಆ ಓ ಹಿಂದಿರುಗಿ ಬಂದಾಗಲೇ. ಓ ಅನ್ನದವನ ಮನೆಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ.

ಡಿಗ್ರಿಯಲ್ಲಿ ಕಂಪ್ಯೂಟರ್ ಜಾಲಗಳ ಬಗ್ಗೆ ಓದುವಾಗ ನನಗೆ ನಗು ಬಂದದ್ದು ಇದೇ ಕಾರಣಕ್ಕೆ. ಜಾಲ ಸರಿಯಿದೆಯೋ ಇಲ್ಲವೋ ನೋಡಲು ಒಂದು ಕಂಪ್ಯೂಟರು ಇನ್ನೊಂದನ್ನು ಕರೆಯುತ್ತದೆ, ಅದು ಓ ಅನ್ನುತ್ತದೆ, ಕರೆ ಹೋಗಿ ಓ ಬರುವಷ್ಟು ಹೊತ್ತನ್ನು ಅಳೆಯುತ್ತಾರೆ, ಅದಕ್ಕೆ ಪಿಂಗ್ ಎನ್ನುತ್ತಾರೆ ಎಂದು ಪುಸ್ತಕದಲ್ಲಿತ್ತು. ನಮ್ಮಜ್ಜಿ ಎಮ್ಮೆ ಕಾಯುವಾಗ ಜೊತೆಯವರು ಎಷ್ಟು ದೂರವಿದ್ದಾರೆಂದು ತಿಳಿಯಲು ಮಾಡುತ್ತಿದ್ದದ್ದು ಇದನ್ನೇ. ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂದವು. ಬಾಯಿಪರೀಕ್ಷೆಯಲ್ಲಿ ಬರಲಿಲ್ಲ, ನಾನು ಬಾಯಿಯನ್ನೇ ತೆರೆದಿರಲಿಲ್ಲ.

ನಗರಸಭೆಯವರು ಊರ ತುಂಬ ಮಾತಿನ ಜಾಲ ಹಾಕಿಸಿದಾಗ ಅದನ್ನು ಪರೀಕ್ಷಿಸುವ ಕೆಲಸಕ್ಕೆ ನನ್ನನ್ನು ಹಂಗಾಮಿಯಾಗಿ ತೆಗೆದುಕೊಂಡರು. ಓಣಿಗೊಂದು, ಖಣಿಗೊಂದು ಕಂಪ್ಯೂಟರು, ಒಂದು ಮೈಕು, ಒಂದು ಸ್ಪೀಕರು, ಎಲ್ಲಕ್ಕೂ ನಡುವೆ ನಗರಸಭೆಯ ಹಿಂದಿನ ಕೋಣೆಗೆ ಬಂದು ಸೇರುವ ತಂತಿ. ಅದು ಮೊದಲು ರೇಶನ್ನಿನ ಸೀಮೆಎಣ್ಣೆ ಇಡುತ್ತಿದ್ದ ಕೋಣೆ, ಮೈಕಿಗೂ ಅದರ ವಾಸನೆ ಹತ್ತಿತ್ತು. ಅಲ್ಲಿ ಕೂತು ನಾನು ಓಣಿಗಳನ್ನು ಒಂದೊಂದಾಗಿ ಕರೆದು ಓ ಬರುವುದನ್ನು ಕಾಯುತ್ತಿದ್ದೆ.

ಮೊದಲ ದಿನವೇ ಇಂಜಿನಿಯರ್ ಹಂಚಿನಾಳ ಸಾಹೇಬರು ಬಾಗಿಲಲ್ಲಿ ನಿಂತು ನೋಡಿದರು. ಹೊಟ್ಟೆಯ ಮೇಲೆ ಬೆಲ್ಟು ಬಿಗಿದುಕೊಂಡ, ಯಾವ ಮಾತನ್ನೂ ಪೂರ್ತಿ ಕೇಳುವ ರೂಢಿಯಿಲ್ಲದ ಮನುಷ್ಯ.

"ಏನವಾ ನೀಲಾಂಬಿಕಾ, ಜಾಲದ ಪರೀಕ್ಷೆ ಮಾಡಾಕತ್ತಿಯೋ, ಜಾಲಕ್ಕ ಜೋಗುಳ ಹಾಡಾಕತ್ತಿಯೋ? ಸ್ವಲ್ಪ ದನಿ ತಗೀ. ಗಾಣಿಗ್ಯಾರ ಓಣಿಯವರು ನಿದ್ದಿ ಹತ್ತಿ ಬಿದ್ದಾರು."

ದನಿ ತೆಗೆದೆ. ಫಲ ಒಂದೇ. ತಂತಿಯಲ್ಲಿ ಹೋದರೂ ಗಾಳಿಯಲ್ಲಿ ಹೋದರೂ ನಮ್ಮೂರ ಮಾತು ತನ್ನ ನಡಿಗೆಯನ್ನು ಬದಲಿಸಲಿಲ್ಲ. ಗಾಣಿಗೇರ ಓಣಿಗೆ ಅರೆಯೆಲೆ ಎಂದರೆ ಅರೆಯೆಲೆಯೇ.

ಸಾಹೇಬರು ತಂತಿ ಸಣ್ಣದಾಯಿತು ಎಂದರು. ಬೆರಳಿನಷ್ಟು ದಪ್ಪದ್ದನ್ನು ಕಿತ್ತು ತೋಳಿನಷ್ಟು ದಪ್ಪದ್ದನ್ನು ಹಾಕಿಸಿದರು. ಓಣಿಗಳೆಲ್ಲ ತಿಂಗಳುಗಟ್ಟಲೆ ಅಗೆದುಕೊಂಡು ಬಿದ್ದಿದ್ದವು. ಹೊಸ ತಂತಿಯ ಗುಣವೇನೆಂದರೆ, ಮೊದಲು ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕಿತ್ತು, ಈಗ ಇಡೀ ಪೇಟೆ ಒಟ್ಟಿಗೆ ಮಾತಾಡಬಹುದು. ಆಡಿದರು. ಸಂತೆಯ ದಿನ ಖಣಿಯ ಸ್ಪೀಕರಿನಿಂದ ಬದನೆಕಾಯಿಯ ದರ, ಭಜನೆ, ಯಾರದೋ ಅಳಿಯನ ಹೊಟ್ಟೆನೋವು, ಬಾಕಿ ಉಳಿದಿದ್ದ ಎರಡು ಜಗಳ, ಎಲ್ಲ ಒಂದೇ ಸಲ ಗೋಣಿಚೀಲ ಹರಿದ ಹಾಗೆ ಸುರಿದವು. ಆದರೆ ಸುರಿದದ್ದು ಹಿಂದಿನಷ್ಟೇ ತಡವಾಗಿ.

ಇದನ್ನು ನನ್ನ ಪುಸ್ತಕ ಎರಡು ಬೇರೆ ಪದಗಳಲ್ಲಿ ಹೇಳುತ್ತದೆ. ಒಂದು ಹೊತ್ತಿನಲ್ಲಿ ಎಷ್ಟು ಮಾಲು ಸಾಗುತ್ತದೆ ಎನ್ನುವುದು ಥ್ರೂಪುಟ್. ಒಂದು ಕಾಳು ಇಲ್ಲಿಂದ ಹೊರಟು ಅಲ್ಲಿ ಮುಟ್ಟಲು ಎಷ್ಟು ಹೊತ್ತಾಗುತ್ತದೆ ಎನ್ನುವುದು ಲೇಟೆನ್ಸಿ. ಹತ್ತು ಬಂಡಿ ಜೋಡಿ ಹೋಗುವಂಥ ರಸ್ತೆ ಮಾಡಿದರೆ ಹತ್ತು ಬಂಡಿ ಕಾಳು ಬಂದೀತು, ಎತ್ತು ಮಾತ್ರ ಎತ್ತಿನ ಹಾಗೆಯೇ ನಡೆಯುತ್ತದೆ. ಕನ್ನಡದಲ್ಲಿ ಕೇಳಿದರೆ ಇನ್ನೂ ಸುಲಭ. "ಎಷ್ಟು" ಒಂದು ಪ್ರಶ್ನೆ, "ಎಷ್ಟೊತ್ತಿಗೆ" ಇನ್ನೊಂದು. ಆದರೆ ಸಾಹೇಬರು ಅಚ್ಚು ಹಾಕಿಸಿದ ತಪಾಸಣೆಯ ಹಾಳೆಯಲ್ಲಿ ಎರಡಕ್ಕೂ ಸೇರಿ ಒಂದೇ ಮನೆಯಿತ್ತು. ಅದರ ತಲೆಯ ಮೇಲೆ "ಸ್ಪೀಡು" ಎಂದಿತ್ತು.

ಧೈರ್ಯ ಮಾಡಿ ಕೇಳಿದೆ. "ಸರ್, ಇಲ್ಲಿ ಎಷ್ಟು ಅನ್ನೂದು ಬರೀಲೋ, ಎಷ್ಟೊತ್ತಿಗೆ ಅನ್ನೂದು ಬರೀಲೋ?"

"ಯಾವುದು ದೊಡ್ಡದು ಕಾಣ್ತೈತಿ ಅದನ್ನ ಬರಿ," ಎಂದರು.

ತಡವೂ ದೊಡ್ಡದೇ ಕಾಣುತ್ತಿತ್ತು. ಆದರೆ ಅದನ್ನು ಹೇಳುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ಮಾತು ಮುಟ್ಟುವ ಮೊದಲೇ ಜಾಗ ಖಾಲಿ ಮಾಡುವ ವಿದ್ಯೆ ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ, ಅಧಿಕಾರಿಗಳಿಗೆ ಅದು ನನಗಿಂತ ಚೆನ್ನಾಗಿ ಬರುತ್ತಿತ್ತು.

ನಗರಸಭೆಯ ಅಧ್ಯಕ್ಷರು ಬಸನಗೌಡ್ರು. ಜಾಲ ತಮ್ಮ ಕಾಲದಲ್ಲೇ ಆದದ್ದು ಎಂದು ಅವರಿಗೆ ಹೆಮ್ಮೆ, ಜನ ನಗುತ್ತಿದ್ದಾರೆ ಎಂದು ಹೊಟ್ಟೆಯೊಳಗೆ ಉರಿ. ಅವರು ಒಂದು ಸ್ಪರ್ಧೆ ಸಾರಿದರು. ಯಾವ ಓಣಿಯಿಂದ ಓ ಎಲ್ಲಕ್ಕಿಂತ ಬೇಗ ಬರುತ್ತದೋ ಆ ಓಣಿಗೆ "ಓಣಿರತ್ನ" ಎಂಬ ಬಿರುದು, ಮನೆಮನೆಗೆ ಬುಂದೆಲಾಡು.

ಅದಾದ ವಾರದಲ್ಲಿ ಗಾಣಿಗೇರ ಓಣಿಯನ್ನು ಕರೆದೆ. ಅಡಿಕೆ ಬಾಯಿಗೆ ಹಾಕುವಷ್ಟರಲ್ಲಿ ಓ ಬಂತು. ಯಂತ್ರ ಕೆಟ್ಟಿತೇನೋ ಎಂದು ಮೈಕು ತಟ್ಟಿದೆ. ಮರುದಿನ ಕುಂಬಾರ ಓಣಿಯದು ನಾನು ಹೆಸರು ಹೇಳಿ ಮುಗಿಸುವುದರೊಳಗೆ ಬಂತು. ಅದರ ಮರುದಿನ ಬಣಗಾರ ಓಣಿಯವರು ನಾನು ಮೈಕಿನ ಗುಂಡಿಯನ್ನು ಒತ್ತುವ ಮೊದಲೇ ಓ ಅಂದರು. ದಿನವೂ ಅದೇ ಹೊತ್ತಿಗೆ ಕರೆಯುತ್ತಾಳಲ್ಲ, ಸ್ವಲ್ಪ ಮುಂಚೆಯೇ ಕಳಿಸಿಟ್ಟರಾಯಿತು ಎಂದು ಜನ ಲೆಕ್ಕ ಹಾಕಿದ್ದರು. ಬದನೆಕಾಯಿಯವಳು ಮಾಡುವುದನ್ನೇ ಊರೆಲ್ಲ ಮಾಡಿತ್ತು. ಅದರಲ್ಲಿ ಮೋಸವೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಹಿರಿಯರು ಬಾಗಿಲಿಗೆ ಬರುವ ಮೊದಲೇ ಎದ್ದು ನಿಲ್ಲುವುದಿಲ್ಲವೇ, ಹಾಗೆ.

ಹಾಳೆಯಲ್ಲಿ ಏನು ಬರೆಯಬೇಕು ತಿಳಿಯದೆ ಅರೆಯೆಲೆಯ ಹಿಂದೆ ಕಳೆಯುವ ಗೆರೆ ಎಳೆದೆ. ಸಾಹೇಬರು ಬಂದು ನೋಡಿದರು.

"ಇದೇನಿದು ಅಡ್ಡಗೆರಿ?"

"ಋಣ ಚಿಹ್ನೆ ಸರ್. ಓ ಮೊದಲು ಬಂತು, ಕರೆ ಆಮೇಲೆ ಹೋತು."

ಅವರ ಮುಖ ಮೊದಲ ಸಲ ಅರಳಿತು. "ಋಣ. ಭೇಷ್. ನಗರಸಭೆ ಮಾಡಿದ ಕೆಲಸಕ್ಕ ಜನ ಋಣ ತೀರಸಾಕತ್ತಾರ ಅಂದಂಗಾತು. ಜಗತ್ತಿನಾಗ ಎಲ್ಲೂ ಆಗದ್ದು ನಮ್ಮೂರಾಗ ಆತು ನೋಡವಾ. ಬರೀ, ಬರೀ, ದಪ್ಪಗೆ ಬರೀ."

"ಸರ್, ಅವರಿಗೆ ಕರೆ ಕೇಳಿಸಿರೂದಿಲ್ಲ," ಎಂದೆ. ಅವರು ಆಗಲೇ ಅಧ್ಯಕ್ಷರ ಕೋಣೆಯತ್ತ ಓಡಿದ್ದರು. ನನ್ನ ಮಾತು ಖಾಲಿ ಬಾಗಿಲವರೆಗೆ ನಡೆದುಹೋಗಿ ಅಲ್ಲೇ ನಿಂತಿರಬೇಕು.

ಮರುದಿನ ನಾನು ಯಾರನ್ನೂ ಕರೆಯಲಿಲ್ಲ. ಮೈಕಿನ ಮೇಲೆ ನನ್ನ ಓಢಣಿ ಹೊದಿಸಿ ಸುಮ್ಮನೆ ಕೂತೆ. ಹೊತ್ತಿಗೆ ಸರಿಯಾಗಿ ಎಲ್ಲ ಓಣಿಗಳಿಂದ ಓ ಬಂದವು. ಗಂಡಸರ ಓ, ಹೆಂಗಸರ ಓ, ಬೊಚ್ಚುಬಾಯಿಯ ಮುದುಕರ ಓ, ದಪ್ಪ ತಂತಿಯ ಕೃಪೆಯಿಂದ ಎಲ್ಲ ಕೂಡಿ ಸೀಮೆಎಣ್ಣೆಯ ಕೋಣೆ ಗುಂಯ್‌ಗುಟ್ಟಿತು. ಕರೆಯದೇ ಇದ್ದವಳಿಗೆ ಇಡೀ ಊರು ಓಗೊಡುತ್ತಿತ್ತು. ನಗು ಬಂತು, ಆಮೇಲೆ ಯಾಕೋ ಹೆದರಿಕೆಯಾಯಿತು.

ಅಷ್ಟರಲ್ಲಿ ಊರಿನ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ "ಕರೆಯುವ ಮೊದಲೇ ಓ: ನಮ್ಮ ಊರು, ನಮ್ಮ ವೇಗ" ಎಂದು ಬರೆಸಿಯಾಗಿತ್ತು. ಅದರ ಬೆನ್ನಿಗೇ ಠರಾವು ಬಂತು. ಇಷ್ಟು ವೇಗದ ಜಾಲವಿರುವಾಗ ಖಣಿಯ ಗುಡ್ಡದ ಮೇಲೆ ಬಾವುಟದವನೊಬ್ಬ ಯಾಕೆ ಬೇಕು?

ಖಣಿಯ ವಿಷಯ ಹೇಳಬೇಕು. ನಮ್ಮವ್ವ ದ್ಯಾಮವ್ವ ಅಲ್ಲಿ ಖಡಿ ಒಡೆಯುವವಳು. ಅವಳ ಜೊತೆ ನಮ್ಮ ಓಣಿಯ ಹೆಂಗಸರೆಲ್ಲ ಗುಡ್ಡದ ಈಚೆಯ ಕುಳಿಯಲ್ಲಿ ಸಾಲಾಗಿ ಕೂತು ಕಲ್ಲು ಒಡೆಯುತ್ತಾರೆ. ಗುಡ್ಡದ ಆಚೆ ಮದ್ದಿನ ಯಲ್ಲಪ್ಪ ಬತ್ತಿ ಹಚ್ಚುತ್ತಾನೆ. ಅಲ್ಲಿ ಸಿಡಿದ ಬಂಡೆ ಗುಡ್ಡ ದಾಟಿ ಈಚೆ ಬಂದು ಬೀಳುತ್ತದೆ. ಆಚೆಯವರಿಗೆ ಈಚೆ ಕಾಣುವುದಿಲ್ಲ, ಈಚೆಯವರಿಗೆ ಆಚೆ. ನಡುವೆ ಗುಡ್ಡದ ನೆತ್ತಿಯ ಮೇಲೆ ಫಕ್ಕೀರಸಾಬ ನಿಲ್ಲುತ್ತಿದ್ದ. ಕೆಂಪು ಬಾವುಟ ಬೀಸಿ ಹಲಗೆ ಬಡಿಯುತ್ತಿದ್ದ, ಹೆಂಗಸರು ಎದ್ದು ಬಂಡೆಯ ಮರೆಗೆ ಹೋಗುತ್ತಿದ್ದರು, ಎಲ್ಲರೂ ಹೋದದ್ದನ್ನು ಕಣ್ಣಾರೆ ನೋಡಿ ಯಲ್ಲಪ್ಪನಿಗೆ ಹಸಿರು ತೋರಿಸುತ್ತಿದ್ದ. ಅವನಿಗೂ ವಯಸ್ಸಾಗಿತ್ತು. ಗುಡ್ಡ ಹತ್ತುವಾಗ ಮೊಣಕಾಲು ಹಿಡಿದುಕೊಂಡು ಅಲ್ಲಾನನ್ನೂ ನಗರಸಭೆಯನ್ನೂ ಸಮವಾಗಿ ನೆನೆಯುತ್ತಿದ್ದ. ಠರಾವು ಕೇಳಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಅವನೇ.

ಇನ್ನು ಮುಂದೆ ಎಚ್ಚರಿಕೆಯನ್ನು ಮೈಕಿನಲ್ಲಿ ಹೇಳುವುದು, ಖಣಿಯ ಹೆಂಗಸರು ಓ ಅನ್ನುವುದು, ಓ ಬಂದ ಕೂಡಲೇ ಹಸಿರು ಬಾವುಟ ತೋರಿಸುವುದು. ಇದಕ್ಕೆ ತಾಂತ್ರಿಕ ಆಧಾರ ಎಂದು ನಾನು ತುಂಬಿದ ಹಾಳೆಗಳನ್ನು ಠರಾವಿಗೆ ಲಗತ್ತಿಸಿದ್ದರು, ಉದ್ಘಾಟನೆಗೆ ದಿನವನ್ನೂ ಗೊತ್ತುಮಾಡಿದ್ದರು.

ಆ ಸಂಜೆ ಅವ್ವ ಎಂದೂ ಇಲ್ಲದ ಹುರುಪಿನಲ್ಲಿ ಮನೆಗೆ ಬಂದಳು. ಕಾಲು ತೊಳೆಯುವ ಮೊದಲೇ ಮಾತು ಶುರು. ಅವ್ವನ ಬಾಯಿ ದೊಡ್ಡದು. ನನ್ನ ಪಾಲಿನದನ್ನೂ ಅವಳೇ ತೆಗೆದುಕೊಂಡು ಹುಟ್ಟಿದವಳು ಎಂದು ಓಣಿಯವರು ಅನ್ನುತ್ತಾರೆ.

"ಉದ್ಘಾಟನಿ ದಿನ ಖಣಿಯ ಓ ಕೇಳಿ ಆ ಬಣಗಾರ ಓಣಿಯವರ ಮಾರಿ ಹುಳ್ಳಗ ಆಗಬೇಕು ನೋಡು. ಎಲ್ಲಾರಿಗೂ ಹೇಳೀನಿ. ಬ್ಯಾಂಡ್ ಬಾರಿಸೂದು ನಿಂತ ಕೂಡ್ಲೆ ಓ ಅಂದು ಕಳಿಸಿಬಿಡ್ರೆವಾ, ಗೌಡ್ರು ಬಾಯಿ ತಗಿಯೂದರಾಗ ಅದು ಅಲ್ಲಿ ಹೋಗಿ ಕುಂತಿರಬೇಕು ಅಂತ."

ಒಂದು ಗುಟುಕಿನ ತಡದ ನಂತರ ನಾನು ಹೇಳಿದೆ. "ಯವ್ವಾ, ಕೇಳಿಸಿದ ಮ್ಯಾಲೆ ಓ ಅನ್ನು."

"ಕರದ ಮ್ಯಾಲೆ ಓ ಅನ್ನೂದು ನಾಯಿನೂ ಮಾಡತೈತಿ. ಅದರಾಗೇನು ಹೆಚ್ಚಾತು?"

"ನೀವು ಓ ಅಂದ್ರ ಅವರು ನೀವು ಸರದೀರಿ ಅಂತ ತಿಳೀತಾರ."

"ತಿಳೀಲಿ. ಓ ಮೊದಲ ಹೋಗಿರತೈತಿ, ಆಮ್ಯಾಲೆ ಅವರ ಮಾತು ಬಂದಾಗ ಎದ್ದು ಸರೀತೀವಿ. ಓ ಅನ್ನೂದು ಓ ಅನ್ನೂದು, ಸರಿಯೂದು ಸರಿಯೂದು. ಎರಡನ್ನೂ ಯಾಕ ಗಂಟ ಹಾಕ್ತಿ?"

"ಫಕ್ಕೀರಮಾಮಾ ಗುಡ್ಡದ ಮ್ಯಾಲೆ ಇರೂದಿಲ್ಲವ್ವ ಇನ್ನ ಮ್ಯಾಲೆ."

"ಮೊದಲ್ನೇ ದಿನ ಇರ್ತಾನ ಬಿಡು. ಸೊಸಿ ಹೊಸ್ತಿಲ ದಾಟಿದ ದಿನಾನ ಅತ್ತಿ ಕೀಲಿಕೈ ಕೊಟ್ಟಬಿಡ್ತಾಳೇನು?" ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ನಿನ್ನ ಸಾಹೇಬ್ರು ಖಣಿಗೆ ಬಂದಾಗ ಏನಂದ್ರು ಗೊತ್ತೇನು? ನಿಮ್ಮ ಮಗಳ ಹಾಳಿ ನೋಡೇ ಇಷ್ಟೆಲ್ಲಾ ಆತು, ಖಣಿಯ ಓ ಛಲೋ ಬಂದ್ರ ಆಕಿನ್ನ ಖಾಯಂ ಮಾಡ್ತೀವಿ ಅಂದ್ರು. ನಾ ಇಷ್ಟ ವರ್ಷ ಕಲ್ಲು ಒಡದಿದ್ದು ಯಾತಕ್ಕ? ನೀ ಫ್ಯಾನಿನ ಕೆಳಗ ಕುಂಡ್ರಲಿ ಅಂತ. ಒಂದು ಓ ಅನ್ನಾಕ ನನಗೇನು ಗಂಟು ಖರ್ಚಾಗತೈತಿ?"

ನನ್ನ ಬಾಯಿಗೆ ಬಂದದ್ದು ರೊಟ್ಟಿಯ ಜೊತೆ ಒಳಗೆ ಹೋಯಿತು. ಮೊದಲ ದಿನ ಫಕ್ಕೀರಸಾಬ ಗುಡ್ಡದ ಮೇಲೆ ಇದ್ದೇ ಇರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಹೇಳಿದ ಮೇಲೆ ಅದು ಎಷ್ಟು ಸರಿಯಾಗಿ ಕೇಳಿಸಿತೆಂದರೆ, ನಿದ್ದೆಯೂ ಬಂತು.

ಉದ್ಘಾಟನೆಗೆ ಗುಡ್ಡದ ಆಚೆ ಶಾಮಿಯಾನ ಹಾಕಿದ್ದರು. ಇಡೀ ಪೇಟೆ ಅಂಗಡಿ ಮುಚ್ಚಿ ಬಂದಿತ್ತು. ಅಧ್ಯಕ್ಷರ ಮೈಕಿನ ಪಕ್ಕದಲ್ಲಿ ನನಗೊಂದು ಸ್ಟೂಲು. ಈ ಮೈಕಿನ ಮಾತು ನಗರಸಭೆಯ ಕೋಣೆಗೆ ಹೋಗಿ, ಅಲ್ಲಿಂದ ಊರು ಸುತ್ತಿ, ಗುಡ್ಡದ ಈಚೆ ಅವ್ವನ ತಲೆಯ ಮೇಲಿನ ಸ್ಪೀಕರಿಗೆ ಬರಬೇಕು. ಕೂಗಳತೆಯ ದೂರಕ್ಕೆ ಮಾತು ಊರ ಪ್ರದಕ್ಷಿಣೆ ಹಾಕಿ ಹೋಗುವ ಏರ್ಪಾಟು. ಹಂಚಿನಾಳ ಸಾಹೇಬರು ಹೊಸ ಶರ್ಟು ಹಾಕಿದ್ದರು. ಬತ್ತಿಯ ಹತ್ತಿರ ಯಲ್ಲಪ್ಪ ಕಡ್ಡಿಪೆಟ್ಟಿಗೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

ನಾನು ಗುಡ್ಡದ ನೆತ್ತಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಇನ್ನೂ ಹತ್ತುತ್ತಿರಬೇಕು ಎಂದುಕೊಂಡು ದಾರಿಯನ್ನು ನೋಡಿದೆ, ದಾರಿಯಲ್ಲೂ ಇರಲಿಲ್ಲ. ಫಕ್ಕೀರಸಾಬ ವೇದಿಕೆಯ ಮೇಲೆ ಮೊದಲ ಸಾಲಿನಲ್ಲಿ ಕೂತಿದ್ದ. ಹೆಗಲಿಗೆ ಶಾಲು, ಕೊರಳಲ್ಲಿ ಹಾರ, ಬಾಯಲ್ಲಿ ಬುಂದೆಲಾಡು. ಅವನ ಎರಡು ಬಾವುಟಗಳಲ್ಲಿ ಕೆಂಪನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು "ಹಿಂದಿನ ಕಾಲದ ಸಾಧನ" ಎಂದು ಚೀಟಿ ಅಂಟಿಸಿದ್ದರು. ಹಸಿರು ಸಾಹೇಬರ ಕೈಯಲ್ಲಿತ್ತು.

ನಾನು ಬಗ್ಗಿ ಕೇಳಿದೆ. "ಮಾಮಾ, ಗುಡ್ಡದ ಮ್ಯಾಲೆ ಯಾರದಾರ?"

ಲಾಡು ನುಂಗಿ ಅವನು ಉತ್ತರ ಕೊಟ್ಟ. "ಯಾರ್ ಬೇಕವ್ವ ಇನ್ನ? ಓ ಅಂತಾರಲ್ಲ ಅವ್ರು. ಇಷ್ಟ್ ವರ್ಷ ನಾ ನೋಡಿದ್ದು ಸಾಕು. ಲಾಡು ತಗೋ."

ಬ್ಯಾಂಡು ಜೋರಾಗಿ ಬಾರಿಸಿ ನಿಂತಿತು. ಬ್ಯಾಂಡಿನ ಸದ್ದಿಗೆ ತಡವಿಲ್ಲ. ಗುಡ್ಡದ ಈಚೆ ಅವ್ವ ಈಗಲೇ ಸೆರಗು ಸಿಕ್ಕಿಸಿಕೊಂಡು, ಹೆಂಗಸರತ್ತ ಕಣ್ಣು ಹೊಡೆದು ಓ ಅಂದಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಆ ಓ ಊರು ಸುತ್ತಲು ಹೊರಟಿತು. ಅಧ್ಯಕ್ಷರು ಎದ್ದು ನಿಂತು ನೆರೆದವರಿಗೆ ವಂದಿಸಿ, ತಮ್ಮ ಆಡಳಿತದ ಸಾಧನೆಗಳನ್ನು ಹೇಳಿ, ಹಿಂದಿನವರ ಆಡಳಿತದ ತಡವನ್ನು ನೆನೆದು ಕಣ್ಣೊರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಎಚ್ಚರಿಕೆಯ ಚೀಟಿ ತೆಗೆದರು.

"ಖಣಿಯೊಳಗಿರುವ ಎಲ್ಲ ತಾಯಂದಿರೇ," ಎಂದರು.

"ಓ," ಎಂದಿತು ಸ್ಪೀಕರು.

ಇಪ್ಪತ್ತು ಹೆಂಗಸರ ತುಂಬು ಓ. ಅದರಲ್ಲಿ ಅವ್ವನ ದನಿ ಎಲ್ಲಕ್ಕಿಂತ ಮೇಲೆ, ನಗು ತಡೆದುಕೊಂಡ ದನಿ. ಏಳಿ ಅಥವಾ ಸರಿಯಿರಿ ಎನ್ನುವ ಮಾತು ಇನ್ನೂ ಚೀಟಿಯಲ್ಲೇ ಇತ್ತು. ಶಾಮಿಯಾನಕ್ಕೆ ಶಾಮಿಯಾನವೇ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಚೀಟಿಯನ್ನು ನೋಡಿದರು, ಮುಂದಿನದನ್ನು ಓದಬೇಕೋ ಬೇಡವೋ ಎಂದು ಸಾಹೇಬರನ್ನು ನೋಡಿದರು. ಸಾಹೇಬರು ತಲೆ ಅಲ್ಲಾಡಿಸಿದರು.

"ಮುಂದಿಂದು ಬ್ಯಾಡ್ರಿ ಗೌಡ್ರ. ಓ ಬಂತಲ್ಲ. ಈಗ ಓದಿದ್ರ ನಮ್ಮ ಜಾಲಕ್ಕ ನಾವೇ ಅವಮಾನ ಮಾಡಿದಂಗ."

ಚೀಟಿ ಮಡಚಿ ಜೇಬಿಗೆ ಹೋಯಿತು. ಸಾಹೇಬರು ವೇದಿಕೆಯ ಅಂಚಿಗೆ ಬಂದು ಹಸಿರು ಬಾವುಟದ ಸುರುಳಿ ಬಿಚ್ಚಿದರು. ಯಲ್ಲಪ್ಪ ಕಡ್ಡಿ ತೆಗೆದು ಪೆಟ್ಟಿಗೆಗೆ ಒತ್ತಿ ಹಿಡಿದು ಇತ್ತಲೇ ನೋಡುತ್ತಿದ್ದ.

ಕೂಗಿದರೆ ನನ್ನ ಕೂಗು ಯಲ್ಲಪ್ಪನನ್ನು ಮುಟ್ಟುವುದರೊಳಗೆ ಬತ್ತಿ ಮುಗಿದಿರುತ್ತದೆ. ಇದನ್ನು ಲೆಕ್ಕ ಹಾಕಲು ನನಗೆ ಹಾಳೆ ಬೇಕಾಗಲಿಲ್ಲ. ಸ್ಟೂಲು ಹಿಂದಕ್ಕೆ ಬಿತ್ತು. ಯಾವಾಗ ಎದ್ದೆನೋ, ಸಾಹೇಬರ ಮುಂಗೈಯನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆ ಜಗ್ಗಿದ್ದೆ. ಬಾವುಟ ನನ್ನ ಕೈಗೆ ಬಂತು, ಅದನ್ನು ಉಂಡೆ ಮಾಡಿ ಎದೆಗವಚಿಕೊಂಡೆ. ಯಲ್ಲಪ್ಪ ಕಡ್ಡಿಯನ್ನು ಗೀರದೆ ಬಾಯಿ ತೆರೆದು ನೋಡಿದ.

ಚಪ್ಪಾಳೆ ಒಂದು ಮೂಲೆಯಿಂದ ನಿಲ್ಲುತ್ತ ಬಂತು. ಸಾಹೇಬರ ತುಟಿಗಳು ಆಡಿದವು, ಅವರ ಮಾತು ಒಂದು ಗುಟುಕಿನ ಆಮೇಲೆ ನನ್ನನ್ನು ಮುಟ್ಟಿತು.

"ಬುದ್ಧಿ ಗಿದ್ಧಿ ಕೆಟ್ಟೈತೇನು ನಿನಗ? ಅವರು ಓ ಅಂದದ್ದು ಕೇಳಿಸಲಿಲ್ಲೇನು? ನಿನ್ನ ಸಹಿ ಐತಿ ಆ ಹಾಳಿ ಮ್ಯಾಲೆ. ನಿನ್ನ ಖಾಯಂ ಕಾಗದ ಗೌಡ್ರ ಜೇಬಿನಾಗೈತಿ. ಕೊಡು ಇಲ್ಲಿ."

ಅಧ್ಯಕ್ಷರು ಅವರನ್ನು ಬದಿಗೆ ಸರಿಸಿ ನನ್ನೆದುರು ಬಂದರು. ಅವರಿಗೆ ಸಿಟ್ಟಿಗಿಂತ ನೆರೆದ ಜನರ ಮುಂದಿನ ಮುಜುಗರವೇ ಹೆಚ್ಚಿತ್ತು. ತಂಗಿ, ಏನಾತು, ಹೇಳು, ಎಂದರು. ಮೈಕನ್ನೂ ನನ್ನ ಬಾಯಿಯ ಹತ್ತಿರ ತಂದು ಹಿಡಿದರು. ದಡ್ಡ ಹುಡುಗಿಯೊಬ್ಬಳು ಹೆದರಿ ಏನೋ ತೊದಲಿದಳು ಎಂದು ಊರೆಲ್ಲ ಕೇಳಲಿ, ಕಾರ್ಯಕ್ರಮ ಮುಂದುವರಿಯಲಿ ಎಂಬ ಉಪಾಯವಿರಬೇಕು.

ತಿರುಗಿ ಹೋಗಲು ಜಾಗವಿರಲಿಲ್ಲ. ಹಿಂದೆ ಶಾಮಿಯಾನದ ಬಟ್ಟೆ, ಮುಂದೆ ಪೇಟೆಯ ಅಷ್ಟೂ ಮುಖಗಳು. ಆಡಿದ ಮೇಲೆ ಇಲ್ಲೇ ನಿಂತು, ಅದು ಒಂದೊಂದು ಸಾಲನ್ನೂ ಮುಟ್ಟುವುದನ್ನು, ಒಂದೊಂದು ಹುಬ್ಬೂ ಏಳುವುದನ್ನು ಕೊನೆಯವರೆಗೆ ನೋಡಬೇಕು. ಗುಡ್ಡದ ಈಚೆ ಅವ್ವನಿದ್ದ ಕುಳಿಯಿಂದ ಕಲ್ಲು ಒಡೆಯುವ ಸದ್ದು ಬರುತ್ತಿತ್ತು, ಟಕ್, ಟಕ್, ತಡವೇ ಇಲ್ಲದೆ. ಇಷ್ಟು ಹೊತ್ತು ಅದು ಚಪ್ಪಾಳೆಯೊಳಗೆ ಮುಳುಗಿಹೋಗಿತ್ತು. ನಾನು ಮೈಕನ್ನು ಅವರ ಕೈಯಿಂದ ತೆಗೆದುಕೊಂಡೆ.

"ಅವರು ಓ ಅಂದಾರ, ಆದ್ರ ಕೇಳಿಸಿಕೊಂಡಿಲ್ಲ," ಎಂದೆ. "ನಮ್ಮವ್ವ ಇನ್ನೂ ಅಲ್ಲೇ ಕುಂತಾಳ."